ಅಂಗಾಲು ನೋಡದ ವರ್ಷ

ಹೋದ ತಿಂಗಳು ಭೀಮನ ಅಮಾವಾಸ್ಯೆಯ ದಿನ ನಾನು ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿ, ನನ್ನ ತಂಗಿ ಗೀತಾಳ ಮನೆಯಲ್ಲಿದ್ದೆ. ನನಗೀಗ ಆ ಪೂಜೆ ಇಲ್ಲ. ಹಾಗಾಗಿ ಯಾರೂ ಹೇಳುವ ಮೊದಲೇ ಅಡುಗೆಮನೆ ಸೇರಿ ಕಡುಬಿನ ಹೂರಣ ಕಟ್ಟುತ್ತಾ ಕೂತಿದ್ದೆ. ಹೊರಗೆ ನಡುಮನೆಯಲ್ಲಿ ಗೀತಾ ಗಂಡನನ್ನು ಮಣೆಯ ಮೇಲೆ ಕೂರಿಸಿ, ಅಗಲವಾದ ತಟ್ಟೆಯಲ್ಲಿ ಕಾಲಿಡಿಸಿ ತೊಳೆಯುತ್ತಿದ್ದಳು. ವರ್ಷಕ್ಕೊಮ್ಮೆ ಗಂಡನ ಪಾದಪೂಜೆ ಮಾಡುವ ದಿನ ಅದು. ಅರಿಶಿನದ ನೀರು, ಕರ್ಪೂರ, ಸೇವಂತಿಗೆ ಎಲ್ಲ ಬೆರೆತ ವಾಸನೆ ಒಳಗೆ ಬಂತು. ನನ್ನ ಕೈ ಹೂರಣದಲ್ಲೇ ನಿಂತುಹೋಯಿತು. ಎದ್ದು ಬಾಗಿಲಿಗೆ ಬಂದೆ.

"ಗೀತಾ, ಕಾಲು ತಿರುಗಿಸಿ ಅಡಿ ನೋಡು."

"ಏನಕ್ಕಾ ಇದು, ಪೂಜೆ ಮಧ್ಯದಲ್ಲಿ."

"ನೋಡು ಅಂದ್ನಲ್ಲ."

ಅವಳ ಗಂಡ ಸಾಧು ಮನುಷ್ಯ. ನನ್ನ ಮುಖ ನೋಡಿ ಏನೂ ಕೇಳದೆ ಒಂದೊಂದಾಗಿ ಎರಡೂ ಕಾಲು ಎತ್ತಿ ತೋರಿಸಿದರು. ಹಿಮ್ಮಡಿ ಸ್ವಲ್ಪ ಒಡೆದಿತ್ತು, ಬೇರೇನೂ ಇರಲಿಲ್ಲ. ನಾನು ಒಳಗೆ ಹೋಗಿ ಮತ್ತೆ ಹೂರಣಕ್ಕೆ ಕೈಹಾಕಿದೆ. ನನ್ನ ಗಂಡನ ಪಾದವನ್ನು ಮೂವತ್ತನಾಲ್ಕು ವರ್ಷ ಪೂಜೆ ಮಾಡಿದವಳು ನಾನು. ಪೂಜೆಯಲ್ಲಿ ಆ ಪಾದ ತಿರುಗಿಸಿ ಅಡಿಭಾಗವನ್ನು ಒಂದು ವರ್ಷವೂ ನೋಡಿದವಳಲ್ಲ.

ನಾಲ್ಕು ವರ್ಷದ ಹಿಂದಿನ ಮಳೆಗಾಲದ ಮಾತು. ಆಗ ನಾವು ಭದ್ರಾವತಿಯ ನ್ಯೂ ಟೌನಿನ ಕ್ವಾರ್ಟರ್ಸಿನಲ್ಲಿದ್ದೆವು. ಒಬ್ಬಳೇ ಮಗಳು ಮದುವೆಯಾಗಿ ಚಿತ್ರದುರ್ಗದಲ್ಲಿದ್ದಳು. ನಮ್ಮ ಯಜಮಾನರು, ರಂಗನಾಥ ಅಂತ ಹೆಸರು, ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನ್ ಓಡಿಸುತ್ತಿದ್ದವರು. ಶೆಡ್ಡಿನ ಸೂರಿಗೆ ಅಂಟಿಕೊಂಡಂತೆ ಓಡುವ ಕ್ರೇನು ಅದು. ಮೂವತ್ತೊಂದು ವರ್ಷ ಕಬ್ಬಿಣದ ನೆಟ್ಟನೆ ಏಣಿ ಹತ್ತಿ ಮೇಲಿನ ಗೂಡಿನಲ್ಲಿ ಕೂತು, ಕೆಂಪಗೆ ಕಾದ ಸರಕನ್ನು ಆ ಕಡೆಯಿಂದ ಈ ಕಡೆಗೆ ಸಾಗಿಸಿ ಇಳಿದು ಬಂದರು. ಒಂದು ದಿನವೂ ಎಡವಿದವರಲ್ಲ. "ಕೆಳಗಿರೋರು ಬೀಳ್ತಾರೆ ಕಣೇ. ಮೇಲಿರೋರು ಹಿಡ್ಕೊಂಡೇ ಇರ್ತಾರೆ" ಎಂದು ನನ್ನನ್ನು ಗೇಲಿ ಮಾಡುತ್ತಿದ್ದರು. ನಾನು ಸ್ಟೂಲ್ ಹತ್ತಲೂ ಹೆದರುವವಳು.

ಸಕ್ಕರೆ ಕಾಯಿಲೆ ಬಂದು ಹದಿನೈದು ವರ್ಷವಾಗಿತ್ತು. ಮಾತ್ರೆ ನುಂಗುತ್ತಿದ್ದರು, ಮದುವೆಮನೆಗೆ ಹೋದರೆ ಹೋಳಿಗೆಯನ್ನೂ ಬಿಡುತ್ತಿರಲಿಲ್ಲ. ನಾನು ಬೈದರೆ, ನಾಳೆ ಒಂದು ಮೈಲಿ ಜಾಸ್ತಿ ನಡೀತೀನಿ ಬಿಡು ಎನ್ನುತ್ತಿದ್ದರು. ಒಂದೆರಡು ವರ್ಷ ಕಾಲು ಉರಿ ಎಂದು ಮಲಗುವಾಗ ಒದ್ದಾಡಿದರು. ಕೊಬ್ಬರಿ ಎಣ್ಣೆ ತಿಕ್ಕಿದೆ, ಹರಳೆಣ್ಣೆ ತಿಕ್ಕಿದೆ. ಆಮೇಲೆ ಒಂದು ದಿನ ಉರಿ ತಾನಾಗಿ ನಿಂತುಹೋಯಿತು. ಗುಣವಾಯಿತು ಎಂದು ಇಬ್ಬರೂ ಖುಷಿಪಟ್ಟೆವು. ನಾನು ದೇವರಿಗೆ ತುಪ್ಪದ ದೀಪ ಬೇರೆ ಹಚ್ಚಿದೆ. ಕಾಲು ಸತ್ತಿದೆ ಎಂದು ಹೇಳುವವರು ಯಾರೂ ಇರಲಿಲ್ಲ.

ಮಳೆ ಹಿಡಿದ ಮೊದಲ ವಾರ ಸಂತೆಯಲ್ಲಿ ಬಿದ್ದರು. ಆಟೋದವನೊಬ್ಬ ಕೂರಿಸಿಕೊಂಡು ಬಂದು ಮನೆ ಬಾಗಿಲಿಗೆ ಬಿಟ್ಟುಹೋದ. ಪ್ಯಾಂಟಿನ ಮಂಡಿ ಹರಿದಿತ್ತು, ಚೀಲದಲ್ಲಿದ್ದ ಟೊಮೆಟೊ ಎಲ್ಲ ಪಚಡಿ. "ಕಲ್ಲಿತ್ತು" ಎಂದರು. ಎಂಟು ದಿನ ಬಿಟ್ಟು ಬಚ್ಚಲುಮನೆಯಲ್ಲಿ ದಡ್ ಎಂದು ಸದ್ದಾಯಿತು. ನಾನು ಹೊಲಿಗೆ ಮಷಿನ್ ಬಿಟ್ಟು ಓಡಿದೆ. ಒಳಗಿಂದ ಚಿಲಕ ಹಾಕಿತ್ತು.

"ಏನ್ರೀ ಅದು?"

"ಬಕೆಟ್ ಬಿತ್ತು."

ಬಕೆಟ್ಟಿಗೆ ಅಷ್ಟು ತೂಕ ಇರುವುದಿಲ್ಲ ಎಂದು ನನಗೂ ಗೊತ್ತು, ನನಗೆ ಗೊತ್ತು ಎನ್ನುವುದು ಅವರಿಗೂ ಗೊತ್ತು. ಅವರು ಹೊರಗೆ ಬರಲು ಅರ್ಧ ಗಂಟೆ ಹಿಡಿಯಿತು. ಆ ದಿನದಿಂದ ಗೋಡೆ ಹಿಡಿದು ನಡೆಯತೊಡಗಿದರು. ಹೊಸಿಲು ಬಂದರೆ ನಿಂತುಬಿಡುವರು, ತಲೆ ಬಗ್ಗಿಸಿ ಕಾಲನ್ನೇ ನೋಡುತ್ತಾ ದಾಟುವರು. ಸಂಜೆ ಕರೆಂಟ್ ಹೋಗಿ ಒಮ್ಮೆ ನಡುಮನೆಯ ಮಧ್ಯೆ ಸಿಕ್ಕಿಕೊಂಡರು. ನಾನು ಮೇಣದಬತ್ತಿ ಹುಡುಕಿ ತರುವಷ್ಟು ಹೊತ್ತು ಎರಡೂ ಕೈ ಗಾಳಿಯಲ್ಲಿ ಚಾಚಿ ನಿಂತಿದ್ದರು. ಮೈಯೆಲ್ಲ ಬೆವರಿತ್ತು.

"ಕಾಲಿಟ್ಟರೆ ನೆಲ ಇದೆಯೋ ಇಲ್ವೋ ಗೊತ್ತಾಗಲ್ಲ ಸರೋಜಾ. ಕಣ್ಣಲ್ಲಿ ನೋಡಿ ಇಡಬೇಕು" ಎಂದರು ಅವತ್ತು. ಕೈಹಿಡಿದು ಕೂರಿಸಿದ ಮೇಲೆ, "ನಂಗೆ ಸಂತೆ ಬೇಡ, ಸಿನಿಮಾ ಬೇಡ. ಬಚ್ಚಲಿಗೆ ನಾನೇ ಹೋಗಿ ನಾನೇ ಬರಬೇಕು. ಅದೊಂದು ಇನ್ನೊಬ್ರ ಕೈಗೆ ಹೋಗಬಾರದು, ಅಷ್ಟೆ" ಎಂದರು. ಅವರು ಏನನ್ನಾದರೂ ಬೇಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವರು ಬೀಳದಂತೆ ಏನಾದರೂ ಮಾಡಲೇಬೇಕು ಎಂದು ನನ್ನ ತಲೆ ಹಗಲೆಲ್ಲ ಅದನ್ನೇ ಅರೆಯತೊಡಗಿತು.

ನ್ಯೂ ಟೌನಿನ ಮನೆಗಳಲ್ಲಿ ಅಟ್ಟದ ಮೇಲೆ ಒಂದು ಜೊತೆ ಸೇಫ್ಟಿ ಶೂ ಇದ್ದೇ ಇರುತ್ತದೆ. ಮುಂಗಾಲಿಗೆ ಉಕ್ಕಿನ ತಗಡು ಕೂರಿಸಿದ ಕಾರ್ಖಾನೆ ಶೂ. ನಿವೃತ್ತಿಗೆ ಮೊದಲು ಕೊನೆಯ ಸಲ ಕೊಟ್ಟ ಜೊತೆಯನ್ನು ನಮ್ಮವರು ಹಾಕದೆ ಇಟ್ಟಿದ್ದರು. ಅದನ್ನು ಇಳಿಸಿದ್ದು ನಾನು. ಸೇಫ್ಟಿ ಎಂಬ ಹೆಸರೇ ಇರುವಾಗ ಬೇರೆ ಯೋಚನೆ ಯಾಕೆ ಎನ್ನಿಸಿತ್ತು. ಹಾಕಿಸಿ ನೋಡಿದೆ. ಒಂದು ನಂಬರ್ ಚಿಕ್ಕದು.

"ಬಿಗಿ ಆಗಲ್ವೇನ್ರೀ?"

"ಇರಲಿ. ಬಿಗಿ ಇದ್ರೆ ಕಾಲು ಇದೆ ಅನ್ನೋದಾದ್ರೂ ಗೊತ್ತಾಗತ್ತೆ."

ಆ ಮಾತಿಗೆ ನಾನು ನಕ್ಕೆ.

ಶೂವಿನ ಅಡಿ ಗಟ್ಟಿಯಿತ್ತು, ಆದರೆ ಒದ್ದೆ ನೆಲದಲ್ಲಿ ಜಾರುತ್ತದೇನೋ ಎಂದು ನನಗೆ ಅನುಮಾನ. ಚೀಲದಲ್ಲಿ ಹಾಕಿಕೊಂಡು ಬಸ್ ಸ್ಟ್ಯಾಂಡ್ ಹತ್ತಿರ ಚಪ್ಪಲಿ ಹೊಲಿಯುವವನ ಬಳಿ ಹೋದೆ. "ಅಡಿಗೆ ಟೈರ್ ಹೊಡೆದುಕೊಡಪ್ಪ. ಯಾವ ಕಾರಣಕ್ಕೂ ಜಾರಬಾರದು, ಯಾವ ಕಾರಣಕ್ಕೂ ಕಿತ್ತು ಬರಬಾರದು" ಎಂದೆ. ಅವನು ಲಾರಿ ಟೈರಿನ ತುಂಡು ಕತ್ತರಿಸಿ, ಅಂಟು ಸವರಿ, ಸುತ್ತಲೂ ಮೊಳೆ ಹೊಡೆದ. ಇನ್ನೆರಡು ಹೊಡಿ ಎಂದು ನಾನೇ ಎದುರು ನಿಂತು ಹೊಡೆಸಿದೆ.

ಆಮೇಲಿನ ಇಪ್ಪತ್ತು ದಿನ ನಮ್ಮ ಮನೆಯಲ್ಲಿ ಹಬ್ಬ. ಯಜಮಾನರು ಗೋಡೆ ಬಿಟ್ಟು ನಡೆದರು. ಟೈರಿನ ಅಡಿ ನೆಲವನ್ನು ಕಚ್ಚಿ ಹಿಡಿಯುತ್ತಿತ್ತು. ಚಪ್ಪಲಿ ಹೊಸಿಲು ದಾಟಿದರೆ ರಂಪ ಮಾಡುತ್ತಿದ್ದ ನಾನು, ಆ ಶೂ ತೊಳೆದು ಒರೆಸಿ ದೇವರಮನೆ ಒಂದು ಬಿಟ್ಟು ಮನೆಯೆಲ್ಲ ಓಡಾಡಲು ಬಿಟ್ಟೆ. ಬೆಳಿಗ್ಗೆ ಸ್ನಾನ ಮುಗಿದರೆ ಶೂ, ಮಲಗುವಾಗ ಬಿಚ್ಚುವುದು. ಕಾಲುಚೀಲ ಒಗೆಯುವಾಗ ಕಂದು ಕಲೆ ಇರುತ್ತಿತ್ತು. ಶೂವಿನ ಬಣ್ಣ ಬಿಡುತ್ತಿದೆ, ಮಳೆಗಾಲ ನೋಡು ಎಂದುಕೊಂಡು ಸೋಪು ಜಾಸ್ತಿ ಹಾಕಿ ತಿಕ್ಕಿದೆ. ಅವರಿಗೆ ಹೊಟ್ಟೆ ದಪ್ಪ, ಮಂಡಿ ಬಿಗಿ. ಕಾಲು ಮಡಚಿ ಅಂಗಾಲು ನೋಡಿಕೊಳ್ಳುವುದು ಅವರಿಂದ ಆಗುತ್ತಿರಲಿಲ್ಲ. ನೋಡಿಕೊಳ್ಳಬೇಕು ಎನ್ನುವುದು ಇಬ್ಬರಿಗೂ ಹೊಳೆಯಲಿಲ್ಲ. ನೋವಿಲ್ಲದ ಕಡೆ ಯಾರಾದರೂ ಏನು ನೋಡುತ್ತಾರೆ?

ಹಾಗಿರುವಾಗ ಭೀಮನ ಅಮಾವಾಸ್ಯೆ ಬಂತು. ಭದ್ರಾ ನದಿ ತುಂಬಿ ಸೇತುವೆಯ ಮೇಲೆ ನೀರು ಹರಿಯುತ್ತಿದೆ ಎಂದು ಊರೆಲ್ಲ ನೋಡಲು ಹೋಗಿತ್ತು. ನಾನು ಯಜಮಾನರನ್ನು ಮಣೆಯ ಮೇಲೆ ಕೂರಿಸಿ, ಕಾಲುಚೀಲ ಬಿಚ್ಚಿಸಿ, ತಟ್ಟೆಯಲ್ಲಿ ಕಾಲಿಡಿಸಿದೆ. ಅರಿಶಿನದ ನೀರು ಹೊಯ್ದು ತೊಳೆದೆ. ಪಾದದ ಮೇಲೆ ಕುಂಕುಮವಿಟ್ಟೆ, ಹೂ ಏರಿಸಿದೆ, ಆರತಿ ಎತ್ತಿದೆ. ಬಲಗಾಲು ಸ್ವಲ್ಪ ಊದಿದೆ ಅನ್ನಿಸಿತು. ತಟ್ಟೆಯ ನೀರು ಕೆಂಪಗಾಗಿತ್ತು, ಕುಂಕುಮ ಕರಗಿದೆ ಎಂದುಕೊಂಡೆ. ನಮ್ಮ ಅತ್ತೆ ಹೇಳಿಕೊಟ್ಟ ಕ್ರಮದಂತೆ ಆ ನೀರನ್ನು ಮೂರು ಬೆರಳಲ್ಲಿ ತೆಗೆದು ಕಣ್ಣಿಗೊತ್ತಿಕೊಂಡು ತಲೆಗೆ ಚಿಮುಕಿಸಿಕೊಂಡೆ. ಉಳಿದದ್ದನ್ನು ದಾಸವಾಳದ ಬುಡಕ್ಕೆ ಚೆಲ್ಲಿದೆ.

ಕುಂಕುಮಕ್ಕೆ ಪಕ್ಕದ ಮನೆಯ ಸೆಲ್ವಿ ಬಂದಳು. ಅವಳ ಗಂಡನೂ ಕಾರ್ಖಾನೆಯವನೇ, ಅವಳ ಅಜ್ಜನ ಕಾಲಕ್ಕೆ ಸೇಲಂ ಕಡೆಯಿಂದ ಬಂದವರು. ಒಳಗೆ ಕಾಲಿಟ್ಟವಳೇ ಮೂಗಿಗೆ ಸೆರಗು ಹಿಡಿದಳು.

"ಏನೋ ಸತ್ತಿರೋ ವಾಸನೆ ಅಕ್ಕಾ. ಇಲಿ ಇರಬೇಕು ನೋಡಿ."

ಇಬ್ಬರೂ ಸೇರಿ ಹುಡುಕಿದೆವು. ಬೀರುವಿನ ಹಿಂದೆ, ಟ್ರಂಕಿನ ಸಂದಿಯಲ್ಲಿ, ಅಕ್ಕಿ ಡಬ್ಬದ ಮರೆಯಲ್ಲಿ ನೋಡಿದೆವು. ಎಲ್ಲೂ ಸಿಗಲಿಲ್ಲ. ಸೆಲ್ವಿ ಹೋದ ಮೇಲೂ ನಾನು ಬಿಡಲಿಲ್ಲ. ಹಿತ್ತಲಿಗೆ ಹೋದೆ, ಅಲ್ಲೂ ವಾಸನೆ. ಮುಂಬಾಗಿಲಿಗೆ ಬಂದೆ, ಅಲ್ಲೂ ಅದೇ. ನಾನು ಹೋದಲ್ಲೆಲ್ಲ ಬರುತ್ತಿತ್ತು. ತಲೆ ಒರೆಸಿಕೊಳ್ಳಲು ಸೆರಗು ಎಳೆದುಕೊಂಡಾಗ ತಿಳಿಯಿತು, ವಾಸನೆ ಬರುತ್ತಿದ್ದದ್ದು ನನ್ನ ಕೂದಲಿಂದ.

ಅವರು ಅಷ್ಟರಲ್ಲಿ ಮತ್ತೆ ಶೂ ಹಾಕಿಕೊಂಡು ಟಿವಿ ಮುಂದೆ ಕೂತಿದ್ದರು. ನಾನು ನೆಲದ ಮೇಲೆ ಕೂತು, "ಕಾಲು ಕೊಡಿ" ಎಂದೆ.

"ಪೂಜೆ ಆಯ್ತಲ್ಲ ಮಾರಾಯ್ತಿ."

ಬಲಗಾಲಿನ ಶೂ ಎಳೆದೆ, ಕಾಲುಚೀಲ ಎಳೆದೆ, ಪಾದ ಎತ್ತಿ ತಿರುಗಿಸಿದೆ. ಹೆಬ್ಬೆರಳ ಬುಡದಲ್ಲಿ ನಾಲ್ಕಾಣೆಯಗಲ ತೂತು. ಸುತ್ತಲೂ ಚರ್ಮ ಬೂದಿ ಬಣ್ಣ. ಒಳಗೆ ಬೆಳ್ಳಗೆ ಏನೋ ಕಾಣುತ್ತಿತ್ತು. ಅದು ಮೂಳೆ ಎಂದು ನನಗೆ ಹೇಳಿದ್ದು ಮರುದಿನ ಡಾಕ್ಟರು. "ಏನಾಗಿದೆ?" ಎಂದು ಯಜಮಾನರು ಕೇಳಿದರು. ಟಿವಿಯ ಕಡೆಯಿಂದ ಕಣ್ಣು ಕೂಡ ತೆಗೆದಿರಲಿಲ್ಲ. ನಾನು ಅಲ್ಲಿ ಬೆರಳಿಟ್ಟಿದ್ದೆ, ಅವರಿಗೆ ತಿಳಿದಿರಲಿಲ್ಲ.

ಮರುದಿನ ಬೆಳಿಗ್ಗೆಯೇ ಶಿವಮೊಗ್ಗಕ್ಕೆ ಹೋದೆವು. ಡಾಕ್ಟರು ಗಾಯ ನೋಡಿ, "ಇವರು ಹಾಕ್ತಿದ್ದ ಶೂ ಎಲ್ಲಿ?" ಎಂದರು. ಕಾಲಲ್ಲೇ ಹಾಕಿಸಿಕೊಂಡು ಬಂದಿದ್ದೆ. ಆ ದಿನವೂ ಬೀಳಬಾರದು ಎನ್ನುವುದೇ ನನ್ನ ಯೋಚನೆ. ಡಾಕ್ಟರು ಶೂ ಬಿಚ್ಚಿಸಿ ಒಳಗೆ ಕೈಹಾಕಿ ನೋಡಿದರು.

"ಅಮ್ಮಾ, ಇದರೊಳಗೆ ಯಾವತ್ತಾದ್ರೂ ಕೈಹಾಕಿ ನೋಡಿದ್ರಾ?"

ಹಾಕಿದೆ. ಮೂರು ಮೊಳೆಯ ತುದಿ ಬೆರಳಿಗೆ ಚುಚ್ಚಿತು. ಅಡಿಯ ಟೈರನ್ನು ದಾಟಿ, ಶೂವಿನ ಒಳಗಿನ ಹಾಸನ್ನೂ ದಾಟಿ ಬಂದಿದ್ದವು. ಇಪ್ಪತ್ತು ದಿನ ನನ್ನ ಗಂಡ ಮೊಳೆಯ ಮೇಲೆ ನಿಂತು, ಎಷ್ಟು ಚೆನ್ನಾಗಿ ಹಿಡಿತ ಇದೆ ನೋಡು ಎಂದು ನನಗೆ ತೋರಿಸಿದ್ದರು. "ಮೊಳೆ ಹೊಡೆಸಿದ್ದು ನಾನು" ಎಂದೆ. ಡಾಕ್ಟರು ಶೂ ಕೆಳಗಿಟ್ಟು ಕೈ ತೊಳೆಯಲು ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಎರಡು ಬೆರಳು ಮತ್ತು ಪಾದದ ಮುಂದಿನ ಒಂದು ಭಾಗ ತೆಗೆದರು. ಇಪ್ಪತ್ತೆರಡು ದಿನ ಆಸ್ಪತ್ರೆ, ಆಮೇಲೆ ಡ್ರೆಸ್ಸಿಂಗಿಗೆ ಹತ್ತಿರವಾಗಲಿ ಎಂದು ಗೀತಾಳ ಮನೆ. ಮಳೆ ಬಿಡುತ್ತಿತ್ತು, ಹಿಡಿಯುತ್ತಿತ್ತು. ದಿನಾ ಗಾಯದ ಬಟ್ಟೆ ಬಿಚ್ಚುವಾಗ ನಾನು ಅವರ ಮುಖ ನೋಡುತ್ತಿದ್ದೆ, ಅವರು ಸೀಲಿಂಗ್ ಫ್ಯಾನ್ ನೋಡುತ್ತಿದ್ದರು. ಒಂದೂವರೆ ತಿಂಗಳಿಗೆ ಗಾಯ ಕೂಡಿತು. ಮೆತ್ತನೆಯ ವಿಶೇಷ ಚಪ್ಪಲಿ ಮಾಡಿಸಿ, ವಾಕರ್ ಕೊಟ್ಟು ಡಾಕ್ಟರು ಹೇಳಿದರು, "ಹಿಮ್ಮಡಿ ಉಳಿದಿದೆ, ನಡೀಬಹುದು. ಆದ್ರೆ ಈಗ ನಡೆಸಬೇಕು. ಮಲಗಿಸಿಬಿಟ್ರೆ ಮಲಗೇಬಿಡ್ತಾರೆ."

ಫಿಸಿಯೋಥೆರಪಿಗೆ ಬರುತ್ತಿದ್ದ ಮೇಡಂ ನನ್ನ ವಯಸ್ಸಿನವರೇ. ಯಜಮಾನರು ವಾಕರ್ ಹಿಡಿದು ಎದ್ದರೆ ಸಾಕು, ನಾನು ಅವರ ಸೊಂಟಕ್ಕೆ ಕೈಹಾಕುತ್ತಿದ್ದೆ. ಎರಡು ದಿನ ನೋಡಿ ಮೂರನೆಯ ದಿನ ಮೇಡಂ ಹೇಳಿಯೇಬಿಟ್ಟರು.

"ಅಮ್ಮಾ, ನೀವು ಹಿಡ್ಕೊಂಡ್ರೆ ಅವರು ಕಾಲಿನ ಮೇಲೆ ನಿಲ್ಲಲ್ಲ, ನಿಮ್ಮ ಮೇಲೆ ನಿಲ್ತಾರೆ. ಸ್ವಲ್ಪ ಹೊರಗೆ ಕೂತ್ಕೊಳ್ಳಿ."

"ಬಿದ್ರೆ?"

"ಅವರಿಗಿಂತ ನಿಮಗೇ ಜಾಸ್ತಿ ಭಯ ಇದೆ."

ನನಗೆ ಸಿಟ್ಟು ಬಂತು. ಬಿದ್ದರೆ ಎತ್ತುವವಳು ನಾನು, ಇವರಿಗೇನು ಗೊತ್ತು ಎಂದು ಗೀತಾಳ ಹತ್ತಿರ ಗೊಣಗಿದೆ. ಬಾಗಿಲ ಹೊರಗೆ ಕೂತು ವಾಕರಿನ ಟಕ್ ಟಕ್ ಸದ್ದು ಎಣಿಸುತ್ತಿದ್ದೆ. ಸದ್ದು ನಿಂತರೆ ಎದ್ದು ಬಾಗಿಲ ಸಂದಿಯಲ್ಲಿ ಇಣುಕುತ್ತಿದ್ದೆ. ವಾರದ ಕೊನೆಗೆ ಅವರು ಕೋಣೆಯ ಈ ತುದಿಯಿಂದ ಆ ತುದಿಗೆ ಹೋಗಿ ಬಂದರು.

ಮಳೆ ಹಿಂದೆ ಸರಿಯುವ ಹೊತ್ತಿಗೆ ಭದ್ರಾವತಿಗೆ ವಾಪಸು ಬಂದೆವು. ಅಲ್ಲಿ ಮೇಡಂ ಇರಲಿಲ್ಲ. ನಾನು ಒಬ್ಬಳೇ ಇದ್ದೆ, ಮನೆ ನನ್ನ ರಾಜ್ಯ. ನಡುಮನೆಯಲ್ಲೇ ಮಂಚ ಹಾಕಿಸಿ, ಕೆಳಗೆ ಪಾಟ್ ಇಟ್ಟೆ. ಬಚ್ಚಲಿಗೆ ಹೋಗುತ್ತೇನೆ ಎಂದು ಅವರು ಎದ್ದರೆ, ನಾಳೆ ನೋಡೋಣ, ಇವತ್ತು ನೆಲ ತಂಡಿ ಇದೆ ಎನ್ನುತ್ತಿದ್ದೆ. ಮರುದಿನ ಇನ್ನೊಂದು ಕಾರಣ ಹುಡುಕುತ್ತಿದ್ದೆ. ನಾನು ಪಾಟ್ ಹಿಡಿದಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಹೊಲಿದ ಬ್ಲೌಸ್ ಕೊಟ್ಟುಬರಲು ನಾಲ್ಕು ಮನೆಗೆ ಹೋಗಬೇಕಾದಾಗ, ನಾನಿಲ್ಲದಾಗ ಎದ್ದುಬಿಟ್ಟಾರು ಎಂದು ವಾಕರನ್ನು ಹೊಲಿಗೆ ಮಷಿನ್ ಪಕ್ಕಕ್ಕೆ, ಕೈಗೆ ಸಿಗದ ಹಾಗೆ ಸರಿಸಿಟ್ಟು ಹೋಗುತ್ತಿದ್ದೆ. ಅವರು ಅದನ್ನೂ ನೋಡುತ್ತಿದ್ದರು. ಪ್ರೀತಿ ಎಂದೇ ಮಾಡಿದೆ. ಈಗ ಅದನ್ನು ಏನೆಂದು ಕರೆಯಬೇಕೋ ನನಗೆ ಗೊತ್ತಿಲ್ಲ.

ಒಂದು ಮಧ್ಯಾಹ್ನ ಸೆಲ್ವಿಯ ಮಗಳ ಬ್ಲೌಸ್ ಕೊಟ್ಟು ಹತ್ತೇ ನಿಮಿಷದಲ್ಲಿ ಹಿಂದಿರುಗಿದೆ. ಬಾಗಿಲು ತಳ್ಳಿದೆ. ಯಜಮಾನರು ನಡುಮನೆಯ ಮಧ್ಯೆ ನಿಂತಿದ್ದರು. ಹಿಂದೆ ಬಚ್ಚಲುಮನೆಯ ಬಾಗಿಲು ತೆರೆದಿತ್ತು, ದೀಪ ಉರಿಯುತ್ತಿತ್ತು. ವಾಕರ್ ನಾನಿಟ್ಟ ಜಾಗದಲ್ಲೇ ಇತ್ತು. ಕಾಲಲ್ಲಿ ಮೆತ್ತನೆ ಚಪ್ಪಲಿ ಸರಿಯಾಗಿ ಹಾಕಿಕೊಂಡಿದ್ದರು, ಪಟ್ಟಿ ಕೂಡ ಬಿಗಿದಿದ್ದರು. ಗೋಡೆ ಹಿಡಿದು ಹೋಗಿ, ಕೆಲಸ ಮುಗಿಸಿ, ಗೋಡೆ ಹಿಡಿದು ಬಂದು, ಗೋಡೆಗೂ ಮಂಚಕ್ಕೂ ನಡುವಿನ ನಾಲ್ಕು ಹೆಜ್ಜೆ ಏನನ್ನೂ ಹಿಡಿಯದೆ ದಾಟುತ್ತಿದ್ದರು. ಮೂರು ಮುಗಿದಿತ್ತು. ತಲೆ ಬಗ್ಗಿಸಿ ಕಾಲನ್ನೇ ನೋಡುತ್ತಿದ್ದವರು, ಬಾಗಿಲ ಸದ್ದಿಗೆ ಮುಖ ಎತ್ತಿದರು. ಮುಖದಲ್ಲಿ ನಗು ಇತ್ತು. ಏನೋ ಹೇಳಲು ಬಾಯಿ ತೆರೆದಿದ್ದರು.

ನಾನು ಚೀರಿದೆ. "ಅಯ್ಯೋ, ಬಿದ್ದೋಗ್ತೀರಿ" ಎಂದು ಇಡೀ ಕ್ವಾರ್ಟರ್ಸ್ ಸಾಲಿಗೆ ಕೇಳುವಂತೆ ಚೀರಿ, ಕೈ ಚಾಚಿ ಅವರ ಕಡೆ ನುಗ್ಗಿದೆ. ಅವರು ಬೆಚ್ಚಿದರು. ಕಣ್ಣು ಕಾಲನ್ನು ಬಿಟ್ಟು ನನ್ನ ಮೇಲಿತ್ತು. ಕಾಲಿಗೆ ನೆಲ ಎಲ್ಲಿದೆ ಎಂದು ಹೇಳುವವರು ಯಾರೂ ಇರಲಿಲ್ಲ. ನನ್ನ ಕೈ ತಲುಪುವ ಮೊದಲೇ ಬಲಕ್ಕೆ ವಾಲಿ ಬಿದ್ದರು. ಒಣ ಕಟ್ಟಿಗೆ ಮುರಿದಂಥ ಸದ್ದು ಕೇಳಿತು.

ಸೊಂಟದ ಕೀಲಿನಲ್ಲಿ ಮೂಳೆ ಮುರಿದಿತ್ತು. ಇವರ ಸಕ್ಕರೆಗೆ, ಹೃದಯದ ಸ್ಥಿತಿಗೆ ಇನ್ನೊಂದು ಆಪರೇಷನ್ ಕಷ್ಟ ಎಂದು ಆಸ್ಪತ್ರೆಯಲ್ಲಿ ಹೇಳಿದರು. ಅವರು ಮತ್ತೆ ಎದ್ದು ನಿಲ್ಲಲಿಲ್ಲ. ಉಳಿದ ಎರಡೂವರೆ ತಿಂಗಳು ಪಾಟ್ ಹಿಡಿದದ್ದು ನಾನೇ. ಸಂಕ್ರಾಂತಿಗೆ ಮೊದಲು ಹೋದರು.

ಆದರೆ ನನ್ನನ್ನು ಬಿಡದೆ ಕಾಡುವುದು ಅವರು ಬಿದ್ದ ದಿನದ ಸಂಜೆ. ಆಸ್ಪತ್ರೆಯಲ್ಲಿ ಸ್ಟ್ರೆಚರ್ ಮೇಲೆ ಮಲಗಿಸಿದ್ದರು. ಡ್ಯೂಟಿ ಡಾಕ್ಟರು ಕಾಗದ ಹಿಡಿದು ನನ್ನನ್ನು ಕೇಳಿದರು, "ಹೇಗೆ ಬಿದ್ರು?" ನಾನು ಬಾಯಿ ತೆರೆದೆ. ನೋವಿಗೆ ಹಲ್ಲು ಕಚ್ಚಿಕೊಂಡಿದ್ದ ಯಜಮಾನರು ಕಣ್ಣು ಬಿಟ್ಟರು. ನನ್ನನ್ನು ನೋಡಲಿಲ್ಲ, ಡಾಕ್ಟರನ್ನೇ ನೋಡುತ್ತಾ ಹೇಳಿದರು.

"ಬಚ್ಚಲಿಂದ ಬರ್ತಿದ್ದೆ ಸಾರ್. ಒರೆಸಿದ ನೆಲ, ಇನ್ನೂ ಒದ್ದೆ ಇತ್ತು. ಜಾರಿದೆ."

ಡಾಕ್ಟರು ಬರೆದುಕೊಂಡು ನನ್ನ ಕಡೆ ತಿರುಗಿದರು. "ಮನೇಲಿ ಇಂಥವರಿದ್ದಾಗ ನೆಲ ಒಣಗೋವರೆಗೆ ನೋಡ್ಕೋಬೇಕಲ್ವಾ ಅಮ್ಮ?"

"ಹೌದು ಸಾರ್" ಎಂದೆ.

ಆ ದಿನ ನಾನು ನೆಲ ಒರೆಸಿಯೇ ಇರಲಿಲ್ಲ.